ಆರಿಸಿ ಎಸೆದ ಕಣಗಳು

ದೊಡ್ಡಆಲಹಳ್ಳಿಯ ಕಾವೇರಮ್ಮ ಸಾಕುವುದು ರೇಷ್ಮೆಹುಳ. ಮಗಳು ಸಿರಿ ಸಾಕುವುದು ಲ್ಯಾಪ್‌ಟಾಪಿನೊಳಗಿನ ಕಣಗಳನ್ನು. ಧ್ರುವದ ಆಕಾಶದಲ್ಲಿ ವಿದ್ಯುತ್ ಹೊತ್ತ ಕಣಗಳು ಭೂಮಿಯ ಕಾಂತರೇಖೆಗಳನ್ನು ಸುತ್ತಿಕೊಂಡು ಹೇಗೆ ಚಲಿಸುತ್ತವೆ ಎಂದು ಕಂಪ್ಯೂಟರಿನಲ್ಲಿ ತೋರಿಸುವುದೇ ಅವಳ ಪಿಎಚ್‌ಡಿ. ಕಣ ಬಂದು ಗಾಳಿಗೆ ಬಡಿದರೆ ಹಸಿರು ಬೆಳಕು ಹುಟ್ಟಬೇಕು. ಸಿರಿಯ ಆಕಾಶಕ್ಕೋ, ಅಮಾವಾಸ್ಯೆ ಬಿಟ್ಟೇ ಇರಲಿಲ್ಲ. ನಾಳೆಯೊಳಗೆ ಬೆಳಕು ಕಾಣದಿದ್ದರೆ ವಿಷಯವನ್ನೇ ಬೇರೆಯವರಿಗೆ ಕೊಡುವುದಾಗಿ ಗೈಡ್ ಖಡಾಖಂಡಿತವಾಗಿ ಹೇಳಿದ್ದರು. ಅಲ್ಲಿಗೆ ವರ್ಷಗಟ್ಟಲೆ ದುಡಿದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಸಿರಿಗೆ ಭಯವಿತ್ತು, ನಿಜ. ಆದರೆ ಬೆಳಕು ಹೋಗಿದ್ದೆಲ್ಲಿಗೆ ಎಂಬ ಕುತೂಹಲ ಭಯಕ್ಕಿಂತ ಒಂದು ಕೈ ಹೆಚ್ಚೇ ಇತ್ತು.

ಬೆಳಿಗ್ಗೆ ಹುಳದ ಮನೆಯ ಬಾಗಿಲಲ್ಲಿ ಕೂತು ಅವಳು ಪರದೆ ನೋಡುತ್ತಿದ್ದಳು. ಒಳಗೆ ಕಾವೇರಮ್ಮ ತಟ್ಟೆಗಳಲ್ಲಿ ರೋಗದ ಹುಳ ಹುಡುಕಿ ಸುಣ್ಣದ ಬೋಗುಣಿಗೆ ಹಾಕುತ್ತಿದ್ದಳು.

"ಅದೇನ್ ಮಗ, ಆ ಚುಕ್ಕಿಗಳು ಹಂಗ್ ಕುಣೀತಾವೆ?"

"ಕಣಗಳು ಕಣವ್ವ. ಸುತ್ಕಂಡು ಸುತ್ಕಂಡು ಕೆಳಕ್ಕಿಳೀತವೆ, ಆಮೇಲೆ ವಾಪಸ್ ಮೇಲಕ್ಕೋಯ್ತವೆ."

"ಎಲ್ಲಾವೂವಾ?"

"ಒಸಿ ವಾಪಸ್ ಮೇಲಕ್ಕೋಯ್ತಿರ್ನಿಲ್ಲ. ಕೆಟ್ಟವೇನೋ ಅಂತ ಆರಿಸಿ ತೆಗೆದ್ಬುಟ್ಟೆ."

"ಏನ್ ರೋಗ ಆಗಿತ್ತು ಅವ್ಕೆ?"

ಕಾವೇರಮ್ಮ ಕೇಳಿದ್ದು ಸುಮ್ಮನೆ, ಹುಳದ ಬಗ್ಗೆ ಕೇಳಿದ ಹಾಗೆ. ಸಿರಿ ತಾನು ಬರೆದ ಪ್ರೋಗ್ರಾಂ ತೆರೆದು ನೋಡಿದಳು. ಚಿಕ್ಕಂದಿನಿಂದ ಅವಳ ಬೆರಳಿಗೆ ಒಂದೇ ಪಾಠ: ಗುಂಪಿನ ಜೊತೆ ಮೇಯದ ಹುಳವನ್ನು ತೆಗೆದುಬಿಡು, ಇಲ್ಲದಿದ್ದರೆ ತಟ್ಟೆಯೇ ಹೋಗುತ್ತದೆ. ಅದೇ ಬೆರಳು ಪ್ರೋಗ್ರಾಂ ಬರೆಯುವಾಗಲೂ ಯೋಚಿಸದೆ ಅದನ್ನೇ ಮಾಡಿತ್ತು. ಅಲ್ಲ, ಎಲ್ಲವೂ ವಾಪಸ್ ಹೋದರೆ ಗಾಳಿಗೆ ಬಡಿಯುವವು ಯಾವುವು?

"ಅಯ್ಯೋ, ನನ್ ಬುದ್ಧಿಗಿಷ್ಟು!" ಎಂದು ಹಣೆ ಚಚ್ಚಿಕೊಂಡು, ಆ ಕಣಗಳನ್ನು ತೆಗೆಯುವ ಸಾಲನ್ನು ಅಳಿಸಿ ಪ್ರೋಗ್ರಾಂ ಅನ್ನು ಮತ್ತೆ ಓಡಿಸಿದಳು.

ಕಾಯಬೇಕಾಯಿತು. ಕಾವೇರಮ್ಮ ಒಂದು ಸುತ್ತು ಸೊಪ್ಪು ಹಾಕಿ ಮುಗಿಸಿದಳು. ಸಿರಿ ಉಗುರು ಕಚ್ಚುತ್ತಲೇ ಇದ್ದಳು. ಕಪ್ಪು ಪರದೆಯ ಮೇಲೆ ಮೊದಲು ಒಂದು ಎಳೆ ಹಸಿರು ಕಾಣಿಸಿತು. ಆಮೇಲೆ ಇನ್ನೊಂದು ಎಳೆ. ನೋಡುನೋಡುತ್ತಲೇ ಧ್ರುವದ ಸುತ್ತ ಒಂದು ಹಸಿರು ಬಳೆ ತುಂಬಿಕೊಂಡಿತು. ಸಿರಿಗೆ ಖುಷಿಗೆ ಅಳುವೇ ಬಂತು.

ಕಾವೇರಮ್ಮ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಮಗಳ ಪಕ್ಕ ಬಂದು ಬಗ್ಗಿದಳು.

"ಎಷ್ಟು ಚೆಂದಾಗೈತೆ! ಯಾವು ಮಗ ಇವು?"

"ನಾನು ಎಸೆದಿದ್ನಲ್ಲ ಕಣವ್ವ, ಅವೇ."