ಶ್ಯಾವಿಗೆಗೆ ಒಪ್ಪುವ ಸಿನಿಮಾ

ಅಫಜಲಪುರದಲ್ಲಿ ಸಿನಿಮಾ ನೋಡುವವರಿಗೇನೂ ಬರವಿಲ್ಲ. ಅರುಣಕುಮಾರ ನೋಡುವಂಥದ್ದನ್ನು ನೋಡುವವನು ಮಾತ್ರ ಅವನೊಬ್ಬನೇ. ಎಂ.ಎ. ಮುಗಿಸಿ ಪರೀಕ್ಷೆಗೆ ಓದುತ್ತ ಮನೆಯಲ್ಲಿದ್ದ ಅವನಿಗೆ, ಯಾರೂ ಮಾತಾಡದ, ಬರೀ ಗಾಳಿ ಬೀಸುವ ಸಿನಿಮಾಗಳೆಂದರೆ ಜೀವ. ಗೆಳೆಯರಿಗೆ ತೋರಿಸಿದರೆ ಅರ್ಧ ತಾಸಿನೊಳಗೆ ಒಬ್ಬೊಬ್ಬರಿಗೂ ಮನೆಯಿಂದ ಫೋನು ಬರುತ್ತಿತ್ತು. ನೋಡಿದ್ದನ್ನು ಒಬ್ಬರ ಜೊತೆಗಾದರೂ ಮಾತಾಡಬೇಕೆಂಬ ಆಸೆ ಹೊಟ್ಟೆಯೊಳಗೇ ಹುಳಿಯಾಗುತ್ತಿತ್ತು.

ಆಮೇಲೆ ಒಂದು ಬೇಸಿಗೆಯ ಮಧ್ಯಾಹ್ನ ಪವಾಡ ನಡೆಯಿತು. ಅವನ ತಾಯಿ ಸುಭದ್ರಾಬಾಯಿ ಮತ್ತು ಪಕ್ಕದ ಮನೆಯ ಬಾನುಬಿ ಪಡಸಾಲೆಯಲ್ಲಿ ಶ್ಯಾವಿಗೆ ಹೊಸೆಯುತ್ತಿದ್ದರು. ಅವರ ಮುಂದಿನ ಟಿವಿಗೆ ಅರುಣ ತನ್ನ ಮೆಚ್ಚಿನ ಸಿನಿಮಾ ಹಚ್ಚಿ, ಒಣಹಾಕಿದ ಶ್ಯಾವಿಗೆಯನ್ನು ಕಾಗೆಗಳಿಂದ ಕಾಯಲು ಮಾಳಿಗೆ ಹತ್ತಿದ. ಸಿನಿಮಾದಲ್ಲಿ ದೂರದೇಶದ ಮುದುಕನೊಬ್ಬ ಕತ್ತೆ ಹಿಡಿದುಕೊಂಡು ಬೆಟ್ಟದ ದಾರಿಯಲ್ಲಿ ನಡೆಯುತ್ತಾನೆ, ನಡೆಯುತ್ತಲೇ ಇರುತ್ತಾನೆ. ಮುಗಿಯುವ ಹೊತ್ತಿಗೆ ಇಳಿದು ಬಂದರೆ ಅವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಭಾಳ ಚಲೋ ಇತ್ತಪಾ. ಇಂಥದ್ದ ಇನ್ನೊಂದು ಹುಡುಕು."

"ಹೌದು ಬೇಟಾ, ನಾಳಿಗಿ ಮತ್ತ ಹಚ್ಚು," ಎಂದಳು ಬಾನುಬಿ.

ಜೊತೆಗಾರರು ಮನೆಯಲ್ಲೇ ಇದ್ದರಲ್ಲ! ಅರುಣ ಪರೀಕ್ಷೆಯ ಪುಸ್ತಕ ಮುಚ್ಚಿ ಹುಡುಕಾಟಕ್ಕೆ ಬಿದ್ದ. ಹೆಸರಾದ ಸಿನಿಮಾ ಬೇಡ, ಯಾರೂ ನೋಡದೆ ಮೂಲೆ ಸೇರಿದ್ದು ಬೇಕು. ಆ ದೇಶದ ಬೇರೆ ಸಿನಿಮಾಗಳು, ಆ ಕ್ಯಾಮೆರಾದವನ ಬೇರೆ ಕೆಲಸ, ಆ ಮುದುಕ ಹರೆಯದಲ್ಲಿ ನಟಿಸಿದ್ದು, ಹೀಗೆ ಎಳೆ ಹಿಡಿದು ಹೋದ.

ಮರುದಿನ ಅಣ್ಣತಮ್ಮಂದಿರು ಬಾವಿಗಾಗಿ ಕಾದಾಡುವ ಸಿನಿಮಾ ಹಚ್ಚಿದ. ಮಾಳಿಗೆ ಹತ್ತುವಷ್ಟರಲ್ಲಿ ಕೆಳಗಿನಿಂದ ಅವ್ವ ಕೂಗಿದಳು: "ಬಂದ್ ಮಾಡಲೇ! ಎಷ್ಟು ಒದರ್ತಾರ ಇವ್ರು!" ಅವ್ವನಿಗೆ ಮೌನದ ರುಚಿ ಹತ್ತಿದೆಯೆಂದು ಅರುಣ ಉಬ್ಬಿದ. ಅದರ ಮರುದಿನದ್ದರಲ್ಲಿ ಮಾತಿರಲಿಲ್ಲ, ಆದರೆ ಉದ್ದಕ್ಕೂ ಪಿಟೀಲು.

"ಇದ್ರಾಗ ನಮಗ ಜಾಗಾನ ಇಲ್ಲ ಬೇಟಾ," ಎಂದಳು ಬಾನುಬಿ.

ಎಂಥ ಮಾತು! ದೊಡ್ಡ ದೊಡ್ಡ ವಿಮರ್ಶಕರೂ ಇಷ್ಟು ಚಿಕ್ಕದಾಗಿ ಹೇಳಿರಲಿಕ್ಕಿಲ್ಲವೆಂದು ಅರುಣ ಆ ಇಡೀ ಸಂಜೆ ಅದನ್ನೇ ಮೆಲುಕು ಹಾಕಿದ.

ಹುಡುಕಿ ತಂದ ಮೂರನೆಯದು ಅಪ್ಪಟವಾಗಿತ್ತು. ಹಿಮ ಬೀಳುತ್ತದೆ, ಹೆಂಗಸೊಬ್ಬಳು ಕಿಟಕಿಯ ಬಳಿ ಕೂತಿದ್ದಾಳೆ, ಅಷ್ಟೇ. ಈ ಮೌನವನ್ನು ಅವರೊಂದಿಗೆ ಕೂತೇ ಸವಿಯಬೇಕೆಂದು ಅರುಣ ಶ್ಯಾವಿಗೆಯನ್ನು ದೇವರ ಮೇಲೆ ಬಿಟ್ಟು ಮಾಳಿಗೆ ಇಳಿದ. ಬಾಗಿಲ ಬಳಿ ಬಂದಾಗ ಬಾನುಬಿಯ ದನಿ ಕೇಳಿಸಿತು.

"ಗಂಡನ್ನ ಬಿಟ್ಟು ತವರಿಗಿ ಬಂದಾಳ ನೋಡ್ರಿ ಅಕ್ಕಾ ಇಕಿ."

"ನಾದನಿ ಕಾಟ ಇರ್ಬೇಕು ಬೇ. ಚೌಡಾಪುರದ ನಿಂಬೆವ್ವನ ಸೊಸಿ ಕುಂತಂಗ ಕುಂತಾಳ."

"ಮೊನ್ನಿ ಆ ಮುದುಕಾನೂ ಪಾಪ! ಕತ್ತೆ ಕೊಟ್ಟರ ಮಗಳ್ನ ಕಳಿಸ್ತಾರಂತ ಅಷ್ಟು ದೂರ ನಡದ."

"ಅಳಿಯ ಒಂದು ವಾಟಿ ನೀರ ಸೈತ ಕೊಡ್ಲಿಲ್ಲ," ಎಂದು ಅವ್ವ ಮತ್ತೆ ಸೆರಗು ಕಣ್ಣಿಗೆ ಒತ್ತಿಕೊಂಡಳು.

ಅರುಣ ಒಳಗೆ ನುಗ್ಗಿದ. "ಅವ್ವಾ, ಅಂವಗ ಮಗಳೂ ಇಲ್ಲ, ಅಳಿಯಾನೂ ಇಲ್ಲ!"

"ನಿನಗ ಯಾರ ಹೇಳಿದ್ರು? ಅಂವ ಬಾಯೇ ಬಿಟ್ಟಿಲ್ಲ."

ಅರುಣನಿಗೆ ಆಗ ಹೊಳೆಯಿತು. ಸಿನಿಮಾ ಸುಮ್ಮನಿದ್ದಷ್ಟೂ ಇವರಿಗೆ ಮಾತಾಡಲು ಜಾಗ. ಅವರು ಮೆಚ್ಚಿದ್ದು ಅದನ್ನೇ. ಹಾಗಾದರೆ ಮತ್ತೆ ತಾನೊಬ್ಬನೇ. ಟಿವಿ ಆರಿಸಿ ಕೋಣೆ ಸೇರೋಣವೆಂದು ರಿಮೋಟ್ ಎತ್ತಿಕೊಂಡ.

"ತಡಿ ಬೇಟಾ! ಇಕಿ ತಿರುಗಿ ಗಂಡನ ಮನಿಗಿ ಹೋಗ್ತಾಳೋ ಇಲ್ಲೋ, ನೀ ಹೇಳು."

ಆ ಕಿಟಕಿ ಯುದ್ಧದ ಸಂಕೇತವೆಂದು ಅರುಣ ಎಲ್ಲೋ ಓದಿದ್ದ. ಹೇಳಲು ಬಾಯಿ ತೆರೆದವನು ಆ ಹೆಂಗಸಿನ ಮುಖ ನೋಡಿದ. ಹೌದಲ್ಲ, ಇವಳಿಗೆ ಯಾರ ಮೇಲೋ ಸಿಟ್ಟು ಬಂದಿದೆ.

"ಹೋಗಂಗಿಲ್ಲ ಖಾಲಾ. ಅಂವನೇ ಕರಿಯಾಕ ಬರ್ಲಿ ಅಂತ ಕುಂತಾಳ."

"ಅಂವ ಬರ್ತಾನ? ಸುಳ್ಳ!"

"ಬಂದ ಬರ್ತಾನ," ಎನ್ನುತ್ತ ಅರುಣ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ.

"ಗಂಡಸರ ಕಡಿ ಮಾತಾಡ್ತಾನ ನೋಡು, ನನ್ನ ಹೊಟ್ಟ್ಯಾಗ ಹುಟ್ಟಿದಂವ," ಎಂದಳು ಅವ್ವ.

ಸಿನಿಮಾ ಮುಗಿದು ಪರದೆ ಕಪ್ಪಾಯಿತು. ಗಂಡನ ವಿಷಯ ಮಾತ್ರ ಚಹಾ ಕುಡಿದರೂ ಇತ್ಯರ್ಥವಾಗಲಿಲ್ಲ. ಅರುಣ ಇಷ್ಟು ಮಾತಾಡಿದ್ದನ್ನು ಆ ಮನೆ ಕೇಳಿ ಎಷ್ಟೋ ಕಾಲವಾಗಿತ್ತು. ಸೋಲೊಪ್ಪದೆ ಎದ್ದುಹೋದ ಬಾನುಬಿ ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಕೂಗಿದಳು:

"ಅಂವ ಬಂದ್ರೂ ಆಕಿ ಬಾಗಲಾ ತೆಗಿಬಾರ್ದು ಬೇಟಾ, ಹೇಳೇನಿ ನೋಡು!"