ಎಲ್ಲವೂ ಸರಿಯಿದ್ದ ವರದಿ

ಅಕ್ಕ ವರದಿಯನ್ನು ತಮ್ಮನ ಮುಂದೆ ಹರಡಿ, ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಓದಿದಳು. ಸಕ್ಕರೆ, ಥೈರಾಯ್ಡ್, ಹಿಮೋಗ್ಲೋಬಿನ್, ಪ್ರೋಟೀನ್. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ಸವೆಸಿದವಳು. ಯಂತ್ರ ಹೇಳಿದ್ದೇ ಅವಳಿಗೆ ಕೊನೆಯ ಮಾತು. ತಮ್ಮನ ರಕ್ತವನ್ನು ತಾನೇ ತೆಗೆದು, ಅನುಮಾನ ಉಳಿಯದಿರಲೆಂದು ಎರಡೆರಡು ಸಲ ಪರೀಕ್ಷಿಸಿದ್ದಳು.

“ನೋಡೋ, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆ ಇಲ್ಲ. ಗುಂಡುಕಲ್ಲಿನ ಹಾಗಿದ್ದೀಯ. ನಿಂಗೇನೂ ಆಗಿಲ್ಲ!”

ತಮ್ಮ ಕ್ಷೌರಿಕ. ಅವನ ಮಾತಿಗೆ ಗಿರಾಕಿಗಳು ನಕ್ಕು ಅಲುಗಾಡಿದರೆ, ನಗು ನಿಲ್ಲುವವರೆಗೆ ಕತ್ತರಿ ಎತ್ತಿ ಹಿಡಿದು ಕಾಯುತ್ತಿದ್ದವನು. ಈಗ ಎರಡು ತಿಂಗಳಿಂದ ಅಂಗಡಿಯ ಬಾಗಿಲು ತೆರೆದಿಲ್ಲ. ತನ್ನ ಗಡ್ಡವನ್ನೇ ಮುಟ್ಟಿಲ್ಲ.

“ಮನಸ್ಸಿನ ಡಾಕ್ಟರಮ್ಮ ಕೊಟ್ಟ ಮಾತ್ರೆ?” ಎಂದ.

“ಹತ್ತು ದಿನ ನುಂಗಿದ್ಯಲ್ಲ, ಅದೇನು ಕಡಿದು ಕಟ್ಟೆ ಹಾಕ್ತು? ಬಿಟ್ಟಾಕು. ನಾಳೆ ಅಂಗಡಿ ತೆಗಿ.”

ಐದನೆಯ ದಿನ ಸಂಜೆ ಅವನು ಅವಳ ಮನೆಗೆ ಬಂದು, ಕತ್ತಿ-ಕತ್ತರಿಗಳ ಪೆಟ್ಟಿಗೆಯನ್ನು ಅವಳ ಕೈಗಿಟ್ಟ.

“ಇದು ನನ್ನ ಹತ್ರ ಇರೋದು ಬೇಡ ಅಕ್ಕ.”

ಅವನು ತನಗೇ ಹೆದರಿ ಅದನ್ನು ತಂದಿದ್ದಾನೆಂದು ಅವಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಪೆಟ್ಟಿಗೆಯನ್ನು ಕಪಾಟಿನೊಳಗಿಟ್ಟು ಬೀಗ ಹಾಕಿದಳು. “ಎಲ್ಲಾ ಸರಿ ಇದೆ ಅಂತ ನಾನು ಅಂದ್ನಲ್ಲೋ...”

“ಅದಕ್ಕೇ. ಅಲ್ಲೀವರೆಗೂ ಕಾಯಿಲೆ ಅಂದ್ಕೊಂಡಿದ್ದೆ. ಏನೂ ಇಲ್ಲ ಅಂದ್ಮೇಲೆ ಕೆಟ್ಟಿರೋದು ನಾನೇ ಅಲ್ವಾ?”

ಅವಳು ನಿಂತ ಕಾಲಲ್ಲೇ ಅವನನ್ನು ಅದೇ ಮನಸ್ಸಿನ ವೈದ್ಯೆಯ ಬಳಿಗೆ ಕರೆದೊಯ್ದಳು. ವೈದ್ಯೆ ವರದಿಯನ್ನು ನೋಡಿ ಬದಿಗಿಟ್ಟರು.

“ನೀವು ನೋಡಿದ್ದು ತೋಳಿನ ರಕ್ತ. ಮಿದುಳಲ್ಲಿ ಒಂದು ನರಕೋಶ ಇನ್ನೊಂದಕ್ಕೆ ಏನು ಹೇಳ್ತಿದೆ ಅನ್ನೋದು ಇದ್ರಲ್ಲಿ ಬರಲ್ಲ. ಮಾತ್ರೆ ಅಲ್ಲಿನ ರಾಸಾಯನಿಕಗಳನ್ನ ಬೇಗನೇ ಬದಲಿಸುತ್ತೆ. ಆದ್ರೆ ನರಕೋಶಗಳ ನಡುವಿನ ಸೊರಗಿದ ಕೊಂಡಿಗಳು ಮತ್ತೆ ಚಿಗುರೋಕೆ ಕೋಶಗಳು ಪ್ರೋಟೀನು ತಯಾರಿಸ್ಬೇಕು, ಅದಕ್ಕೆ ವಾರಗಟ್ಟಲೆ ಬೇಕು ಅಂತ ಕಾಣುತ್ತೆ. ಪೂರ್ತಿ ನಮಗೂ ಗೊತ್ತಿಲ್ಲಮ್ಮ. ಹತ್ತೇ ದಿನಕ್ಕೆ ಬಿಡಿಸಿದ್ದು ಯಾರು?”

“ನಾನೇ.” ಅಕ್ಕ ತಮ್ಮನ ಕಡೆ ತಿರುಗಿದಳು. “ತಪ್ಪು ನಂದು ಕಣೋ. ನಿಂಗೆ ಕಾಯಿಲೆ ಇದೆ.”

ಎರಡು ತಿಂಗಳಲ್ಲಿ ಮೊದಲ ಸಲ ಅವನು ಅತ್ತ.

ಅಂದಿನಿಂದ ಅವನನ್ನು ತನ್ನ ಮನೆಯಲ್ಲೇ ಇರಿಸಿಕೊಂಡು, ದಿನವೂ ಮಾತ್ರೆಯನ್ನು ತಾನೇ ಕೈಗೆ ಕೊಟ್ಟಳು. ಮೂರನೆಯ ವಾರವೂ ಅವನು ಗೋಡೆಯತ್ತ ಮುಖ ಮಾಡಿ ಮಲಗಿಯೇ ಇದ್ದ. ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು ಇಣುಕಿದಳು.

“ಏನ್ರೀ ಇದು, ಗಂಡಸು ಹಿಂಗೆ ಹಾಸಿಗೆ ಬಿಡದೇ ಇದ್ರೆ ಹೇಗೆ? ನಾಲ್ಕು ಬೈದು ಎಬ್ಬಿಸ್ಬಾರ್ದಾ?”

“ಅವನಿಗೆ ಹುಷಾರಿಲ್ಲ ಕಣ್ರೀ. ತುಂಬಾ ಹುಷಾರಿಲ್ಲ,” ಎಂದಳು ಅಕ್ಕ, ಒಳಗೆ ಮಲಗಿದ್ದವನಿಗೂ ಕೇಳಿಸುವಷ್ಟು ಗಟ್ಟಿಯಾಗಿ.