ಹುಲುಗಮ್ಮನ ಎಂಬತ್ತು ರೂಪಾಯಿ

ಖಾತೂನ್ ಜೋಳದ ಗುಡಾಣದೊಳಗೆ ತೋಳಿನವರೆಗೆ ಕೈ ಇಳಿಸಿ ತಡಕಾಡುತ್ತಿದ್ದಳು. ಅವಳ ಗಂಡ ಪೀರಸಾಬ್ ಬಾಗಿಲ ಬಳಿ ನಿಂತು ಅವಳ ಬೆನ್ನನ್ನೇ ನೋಡುತ್ತಿದ್ದ. ಕರೂರಿನ ಗಾಡಿಯವನೊಬ್ಬ ಆಗಷ್ಟೇ ಬಂದು ಸುದ್ದಿ ಹೇಳಿ ಹೋಗಿದ್ದ: "ಹುಲುಗಮ್ಮ ನಾಡಿದ್ದು ಕುರುಗೋಡು ಸಂತಿಗೆ ಬರ್ತಾಳಂತ. ಎತ್ತಿನ ಜೋಡಿ ನೋಡಿ ಇಡ್ರಿ ಅಂದಾಳ."

"ರೊಕ್ಕದ ಚೀಲ ಎಲ್ಲೈತ್ರಿ?" ಎಂದಳು ಖಾತೂನ್.

"ತಳದಾಗ ನೋಡು."

"ತಳಾನೂ ನೋಡೀನಿ. ಜೋಳ ಬಿಟ್ರ ಏನೂ ಇಲ್ಲ."

ಪೀರಸಾಬನ ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು. ಖಾತೂನ್ ಅದನ್ನು ಕಂಡಳು. ಒಂದು ತಿಂಗಳಿಂದ ಆ ಕೈ ಆ ಜೇಬಿಗೆ ಹೋಗುತ್ತಿದ್ದುದನ್ನೂ ಕಂಡಿದ್ದಳು.

"ಜೇಬಿನಾಗ ಏನೈತಿ?"

"ಕಾಗದ."

"ಎಂಬತ್ತ ರೂಪಾಯಿ ಕಾಗದ ಹೆಂಗಾತು?"

ಸಾವಿರದ ಎಂಟುನೂರ ತೊಂಬತ್ತನೆಯ ಇಸವಿ. ಪೀರಸಾಬನ ಮನೆ ಬಳ್ಳಾರಿಯ ಕೌಲ್ ಬಜಾರಿನಲ್ಲಿತ್ತು. ಅವನ ಕಸುಬು ದನದ ದಲಾಲಿ. ಕುರುಗೋಡು, ಸಿರುಗುಪ್ಪ, ಎಲ್ಲ ಸಂತೆಗಳಲ್ಲೂ ಅವನ ಮುಖ ಪರಿಚಿತ. ಹೆಗಲ ಮೇಲಿನ ವಲ್ಲಿಯನ್ನು ಇಳಿಬಿಟ್ಟು, ಅದರ ಮರೆಯಲ್ಲಿ ಕೊಳ್ಳುವವನ ಬೆರಳು ಹಿಡಿದು, ಮಾರುವವನ ಬೆರಳು ಹಿಡಿದು, ಬಾಯಿ ಬಿಡದೆ ಬೆಲೆ ಕುದುರಿಸುತ್ತಿದ್ದ. ವ್ಯಾಪಾರ ಕುದುರಿದರೆ ಇಬ್ಬರಿಂದಲೂ ಅರ್ಧರ್ಧ ರೂಪಾಯಿ. ಸುಳ್ಳು ಹೇಳುವವನಲ್ಲ. ಅದಕ್ಕೇ ಕರೂರಿನ ಹುಲುಗಮ್ಮ, ಗಂಡ ತೀರಿಹೋದ ಮೇಲೂ ಕಾಲುವೆಯ ಗದ್ದೆಯನ್ನು ತಾನೇ ನಿಂತು ಮಾಡಿಸುವ ಹೆಂಗಸು, ಐದು ವಾರದ ಹಿಂದೆ ಎಂಬತ್ತು ರೂಪಾಯಿಯನ್ನು ಎಣಿಸದೆ ಅವನ ಕೈಗಿಟ್ಟಿದ್ದಳು. "ಒಳ್ಳೇ ಜೋಡಿ ಬರೋತನಕ ನಿನ್ನತ್ರಾನೇ ಇರ್ಲಿ, ಪೀರಸಾಬಣ್ಣ. ನನ್ನ ಮನ್ಯಾಗಿದ್ರ ಖರ್ಚಾಗಿ ಹೊಕ್ಕತಿ" ಎಂದಿದ್ದಳು.

ಆ ವರ್ಷ ಚಿನ್ನದ ಗಣಿಯ ಷೇರಿನ ಹುಚ್ಚು ಮದ್ರಾಸಿನಿಂದ ರೈಲು ಹತ್ತಿ ಬಳ್ಳಾರಿಗೂ ಬಂದಿಳಿದಿತ್ತು. ಷೇರು ಎಂದರೆ ದೊಡ್ಡ ಕಂಪನಿಯಲ್ಲಿ ಸಣ್ಣದೊಂದು ಪಾಲು. ಆ ಪಾಲಿಗೊಂದು ಕಾಗದ. ಕಾಗದದ ಬೆಲೆ ದಿನಾ ಏರುತ್ತದೆ, ದಿನಾ ಇಳಿಯುತ್ತದೆ. ಆದವಾನಿಯ ಎರ್ರಣ್ಣ ಎಂಬಾತ ಬ್ರೂಸ್‌ಪೇಟೆಯಲ್ಲಿ ಅಂಗಡಿ ಹಿಡಿದು, ಗೋಡೆಗೆ ಕರಿಹಲಗೆ ತೂಗುಹಾಕಿ, ತಂತಿಯಲ್ಲಿ ಬಂದ ಬೆಲೆಯನ್ನು ಸುಣ್ಣದ ಕಡ್ಡಿಯಿಂದ ಬರೆಯುತ್ತಿದ್ದ. ಎರ್ರಣ್ಣ ಕಳ್ಳನಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಯಾರನ್ನೂ ಕೈಹಿಡಿದು ಎಳೆದವನೂ ಅಲ್ಲ. ಪೀರಸಾಬ್ ತಾನಾಗಿಯೇ ಹೋಗಿದ್ದ. ಮೊದಲು ತನ್ನ ಅರವತ್ತು ರೂಪಾಯಿ ಹಾಕಿದ. ಎರಡು ದಿನಕ್ಕೆ ಎರಡು ರೂಪಾಯಿ ಹುಟ್ಟಿತು. ಹಲ್ಲು ನೋಡಿ ಎತ್ತಿನ ವಯಸ್ಸು ಹೇಳುವ ತನಗೆ ಕಾಗದ ಯಾವ ಲೆಕ್ಕ ಎನಿಸಿತು. ಒಂದೇ ವಾರ, ಆಮೇಲೆ ತಿರುಗಿ ಇಟ್ಟರಾಯಿತು ಎಂದು ಗುಡಾಣಕ್ಕೆ ಕೈ ಹಾಕಿದ.

ಹಾಳು ಮಾಡಿದ ಮಾತು ಅದೇ. ಒಂದೇ ವಾರ.

"ಬೇರೆಯವರ ಅಮಾನತ್ ಅದು, ನಂಬಿ ಇಟ್ಟ ರೊಕ್ಕ," ಎಂದಳು ಖಾತೂನ್. ಅವಳ ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. "ನಮ್ಮ ರೊಕ್ಕ ಸುಟ್ಟಿದ್ರ ಗಂಜಿ ಕುಡದು ಸುಮ್ನಿರ್ತಿದ್ದೆ. ಆಕಿಗೆ ಏನ್ ಹೇಳ್ತೀರಿ?"

"ಹೇಳೋದೇನೈತಿ? ಏರತೈತಿ. ಇವತ್ತು ಏಳೂವರಿ ರೂಪಾಯಿ ಐತಿ. ಹತ್ತಕ್ಕ ತಗೊಂಡೀನಿ. ಹತ್ತಕ್ಕ ಬಂದ ಕೂಡ್ಲೇ ಮಾರಿಬಿಡ್ತೀನಿ."

"ನಾಡಿದ್ದ ಸಂತಿಯೊಳಗ?"



ಖಾತೂನ್ ಪಕ್ಕದ ಮನೆಯ ಗಾದೆಪ್ಪನನ್ನು ಕರೆದಳು. ಗಾದೆಪ್ಪ ತಂತಿ ಆಫೀಸಿನ ಜವಾನ. ಓದು ಬರಹ ಬಲ್ಲವನು. ಊಟಕ್ಕೆ ಮನೆಗೆ ಬಂದವನು ಕೈ ತೊಳೆದ ನೀರು ಆರುವ ಮೊದಲೇ ಬಂದು ಕೂತ. ಪೀರಸಾಬ್ ಎರ್ರಣ್ಣನ ಅಂಗಡಿಯ ಲೆಕ್ಕದ ಚೀಟಿಗಳ ಕಟ್ಟನ್ನು ಅವನ ಮುಂದೆ ಇಟ್ಟ. ಗಾದೆಪ್ಪ ಒಂದೊಂದೇ ತಿರುವಿದ.

"ಐದು ವಾರಕ್ಕ ಇಪ್ಪತ್ತೊಂದ ಚೀಟಿ. ತಗೊಂಡಿ, ಮಾರಿದಿ, ತಗೊಂಡಿ, ಮಾರಿದಿ. ಏನಲೇ ಇದು? ತುರಿಕಿ ಹತ್ತಿತ್ತೇನು?"

"ಏರಿದಾಗ ಮಾರಬೇಕು, ಇಳಿದಾಗ ತಗೋಬೇಕು. ಅದೇ ವ್ಯಾಪಾರ," ಎಂದ ಪೀರಸಾಬ್.

"ಮತ್ತ ಈ ನೂಲಿನ ಗಿರಣಿ ಷೇರು ಯಾಕ ಮಾರಿದಿ? ಅದು ಏರ್ತಾನೇ ಐತಲ್ಲ."

"ಒಂದ ರೂಪಾಯಿ ಲಾಭ ಬಂತು, ಮಾರಿದೆ."

"ಇಳಿಯಾಕ ಹತ್ತಿದ ಚಿನ್ನದ್ದು ಇಟ್ಕೊಂಡಿ. ಹಾಲು ಕೊಡೋ ಎಮ್ಮಿ ಮಾರಿ ಕುಂಟ ಎತ್ತಿಗೆ ಹುಲ್ಲು ಹಾಕಿದಂಗಾತು."

ಪೀರಸಾಬನ ಮುಖ ಕೆಂಪಾಯಿತು. ದನದ ಮಾತನ್ನು ದನದ ದಲಾಲಿಗೇ ಹೇಳಿದರೆ ಯಾರಿಗೆ ಸಿಟ್ಟು ಬರುವುದಿಲ್ಲ?

ಗಾದೆಪ್ಪ ಬೆರಳು ಮಡಿಸಿ ಕೂಡಿಸಿದ, ಕಳೆದ. ಮತ್ತೊಮ್ಮೆ ಕೂಡಿಸಿದ. "ಏರಿದ್ದು ಇಳಿದದ್ದು ಎಲ್ಲಾ ಹಿಡದ್ರ, ಈ ಕಡೀ ಕಾಗದ ಕೊಳ್ಳೋ ಮೊದ್ಲು ನಿನಗ ಉಳಿದ ಲಾಭ ನಾಕ ರೂಪಾಯಿ. ಎರ್ರಣ್ಣ ನೂರಕ್ಕ ಒಂದ ರೂಪಾಯಿ ಹಿಡಿತಾನ. ಕೊಂಡಾಗ ಒಮ್ಮಿ, ಮಾರಿದಾಗ ಒಮ್ಮಿ. ಅವಗ ಹೋದದ್ದು ಇಪ್ಪತ್ಮೂರ ರೂಪಾಯಿ."

"ಇಪ್ಪತ್ಮೂರಾ?" ಪೀರಸಾಬ್ ಚೀಟಿ ಕಿತ್ತುಕೊಂಡ. ಅವನಿಗೆ ಓದಲು ಬರುತ್ತಿರಲಿಲ್ಲ. ಆದರೂ ನೋಡಿದ.

ಖಾತೂನ್ ಈಗ ಅವನ ಎದುರಿಗೆ ಬಂದು ಕೂತಳು. "ಒಂದ ಮಾತು ಹೇಳ್ರಿ. ಸಂತಿ ಸಂತಿಗೆ ಎತ್ತು ಬದಲ ಮಾಡೋ ರೈತನ್ನ ಕಂಡ್ರ ನೀವು ಏನಂತೀರಿ?"

ಪೀರಸಾಬ್ ಚೀಟಿಗಳನ್ನು ಮತ್ತೆ ಕಟ್ಟತೊಡಗಿದ.

"ನಾ ಹೇಳ್ಲೇನು? ಎತ್ತು ಬದಲ ಮಾಡೋನ ಮನ್ಯಾಗ ಕಡೀಗೆ ಹಗ್ಗ ಉಳಿತೈತಿ, ಎತ್ತು ದಲಾಲಿ ಮನ್ಯಾಗಿರತೈತಿ ಅಂತ ನಗ್ತಿದ್ರಿ. ಇಪ್ಪತ್ತು ವರ್ಷ ಆ ದುಡ್ಡಿನಾಗ ಉಂಡೀವಿ. ಈಗ ಎರ್ರಣ್ಣನ ಮನ್ಯಾಗ ಅವನ ಹೆಂಡ್ತಿ ನಿಮ್ಮನ್ನ ನೆನಸಿ ಉಣ್ಣಾಕ ಹತ್ಯಾಳ."

ಗಾದೆಪ್ಪ ನಗು ತಡೆಯಲು ಗೋಡೆ ಕಡೆ ತಿರುಗಿದ. ಪೀರಸಾಬನಿಗೆ ಮಾತ್ರ ನಗು ಬರಲಿಲ್ಲ. ಇಬ್ಬರಿಂದಲೂ ಕಾಸು ಇಸಿದುಕೊಳ್ಳುವ ಕಸುಬು ಅವನದೇ. ವಲ್ಲಿಯ ಕೆಳಗೆ ಯಾರು ಗೆಲ್ಲುತ್ತಾರೆ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಂಥವನೇ ಹೋಗಿ ಕೊರಳಿಗೆ ಹಗ್ಗ ಹಾಕಿಸಿಕೊಂಡಿದ್ದ.

ಆದರೂ ಅವನ ಬಾಯಿ ಸೋಲಲಿಲ್ಲ. "ಇನ್ನೊಂದ ತಂತಿ ಬರ್ಲಿ. ನಾಳಿ ಏರತೈತಿ ಅಂತ ಎಲ್ಲರೂ ಅನ್ನಾಕ ಹತ್ಯಾರ."

"ಎಲ್ಲರೂ ಅಂದ್ರ ಯಾರು? ನಿನ್ನಂಗ ಜೇಬು ಮುಟ್ಕೊಂಡು ಕುಂತೋರು," ಎಂದ ಗಾದೆಪ್ಪ. "ಕೇಳು. ಎರ್ರಣ್ಣ ತರಿಸೋದು ಅಗ್ಗದ ತಂತಿ. ಅಗ್ಗದ ತಂತಿ ಸರದಿ ಬಂದಾಗ ಬರತೈತಿ. ಹೆಚ್ಚು ರೊಕ್ಕ ಕೊಟ್ಟೋರ ತಂತಿ ಮುಂಜಾನೇನೇ ಮುಟ್ಟತೈತಿ. ಅದರಾಗ ಏನೈತಂತ ನಾ ಓದಂಗಿಲ್ಲ, ಹೇಳಂಗೂ ಇಲ್ಲ. ಆದ್ರ ಹೊತ್ತು ನೋಡೀನಿ. ನಿನ್ನ ಹಲಗಿ ಮ್ಯಾಲ ರೇಟು ಬರೋದ್ರಾಗ ತಿಳಿದೋರು ಕೊಂಡು ಮಾರಿ ಊಟ ಮಾಡಿ ಮಲಗಿರ್ತಾರ."

"ಹಂಗಾದ್ರ ಷೇರು ಅನ್ನೋದೇ ಸುಳ್ಳೇನು?"

"ಸುಳ್ಳಲ್ಲ. ನಿನ್ನ ಸ್ವಂತ ರೊಕ್ಕ ಇರ್ಲಿ, ನಾಕೈದು ವರ್ಷ ಬೇಕಾಗದ ರೊಕ್ಕ ಇರ್ಲಿ, ಗಿರಣಿ ಏನ್ ಮಾಡತೈತಿ ಅಂತ ತಿಳಕೊಂಡು ಹಾಕು, ಸುಮ್ನ ಬಿಡು. ಯಾರು ಬ್ಯಾಡಂದ್ರು? ನಾಡಿದ್ದು ಕೊಡಬೇಕಾದ ರೊಕ್ಕ ಹಾಕೀಯಲ್ಲ, ಅದಕ್ಕ ಬೈಯಾಕ ಹತ್ತೀನಿ." ಅವನು ಮತ್ತೆ ಬೆರಳು ಮಡಿಸಿದ. "ಹನ್ನೆರಡ ಕಾಗದ ಅದಾವು. ಒಂದೊಂದಕ್ಕ ಆರು ರೂಪಾಯಿ ಹನ್ನೆರಡಾಣೆ ಬಂದ್ರ ಹುಲುಗಮ್ಮನ ಎಂಬತ್ತು ಹುಟ್ಟತೈತಿ. ಅದಕ್ಕೂ ಕೆಳಗ ಹೋದ್ರ ಇಲ್ಲ. ಇವತ್ತೇ ಹೋಗಿ ಮಾರು."

ಪೀರಸಾಬ್ ಆವತ್ತು ಹೋಗಲಿಲ್ಲ. ಮನುಷ್ಯನ ಹಟ ಅದು. ಏಳೂವರೆ ರೂಪಾಯಿಗೆ ಮಾರಿದರೆ ಸೋಲು ಖಾತ್ರಿ. ಕಾದರೆ ಸೋಲು ಇನ್ನೂ ಖಾತ್ರಿಯಲ್ಲ. ಇಂಥ ಮೂರ್ಖ ಲೆಕ್ಕದ ಮೇಲೆ ಎಷ್ಟು ಮನೆಗಳು ಮುಳುಗಿವೆಯೋ.

ಮರುದಿನ ಬೆಳಿಗ್ಗೆ ಅವನು ಎರ್ರಣ್ಣನ ಅಂಗಡಿಯ ಜಗಲಿಯಲ್ಲಿ ಕೂತ. ಖಾತೂನ್ ಕೊಟ್ಟ ರೊಟ್ಟಿ ಮಡಿಲಲ್ಲೇ ಒಣಗಿತು. ಹಲಗೆಯ ಮೇಲೆ ಏಳು ರೂಪಾಯಿ ಎಂದಿತ್ತು. ಒಂದೇ ರಾತ್ರಿಗೆ ಎಂಟಾಣೆ ಹೋಗಿತ್ತು. ಪಕ್ಕದಲ್ಲಿ ಕೂತವನೊಬ್ಬ ಗಣಿಯಲ್ಲಿ ಹೊಸ ಚಿನ್ನದ ಸಾಲು ಸಿಕ್ಕಿದೆಯಂತೆ ಎಂದ. ಇನ್ನೊಬ್ಬ ಗಣಿಗೆ ನೀರು ನುಗ್ಗಿದೆಯಂತೆ ಎಂದ. ಇಬ್ಬರೂ ಗಣಿ ಕಂಡವರಲ್ಲ. ಪೀರಸಾಬ್ ಒಬ್ಬನ ಮಾತಿಗೆ ಉಸಿರು ಬಿಟ್ಟ, ಇನ್ನೊಬ್ಬನ ಮಾತಿಗೆ ಉಸಿರು ಹಿಡಿದ.

ಬಿಸಿಲು ಜಗಲಿಗೆ ಏರಿದ ಹೊತ್ತಿಗೆ ಗಾದೆಪ್ಪನೇ ತಂತಿ ತಂದ. ಎರ್ರಣ್ಣನ ಕೈಗೆ ಕೊಟ್ಟು, ಪೀರಸಾಬನ ಕಡೆ ಒಮ್ಮೆ ನೋಡಿ, ಮಾತಾಡದೆ ಹೊರಟುಹೋದ. ಎರ್ರಣ್ಣ ಲಕೋಟೆ ಒಡೆದು ಓದಿದ. ಒದ್ದೆ ಬಟ್ಟೆ ತೆಗೆದುಕೊಂಡು ಹಲಗೆ ಒರೆಸಿದ. ಹಲಗೆ ಆರುವುದನ್ನೇ ಕಾಯುತ್ತಾ ನಿಂತ. ಹುಲುಗಮ್ಮ ಈ ಹೊತ್ತಿಗೆ ಕರೂರಿನಿಂದ ಗಾಡಿ ಹೊರಡಿಸಿರುತ್ತಾಳೆ ಎಂಬುದು ಪೀರಸಾಬನ ತಲೆಗೆ ಬಂತು. ಹೊಸ ಎತ್ತಿಗೆಂದು ಕೊರಳ ಗಂಟೆಯನ್ನೂ ತಂದಿರುತ್ತಾಳೆ, ಅಂಥ ಹೆಂಗಸು ಅದು.

ಎರ್ರಣ್ಣ ಬರೆದ. ಆರು ರೂಪಾಯಿ ಹದಿನಾಲ್ಕಾಣೆ.

ಗಾದೆಪ್ಪ ಹೇಳಿದ ಬೆಲೆಗೆ ಇನ್ನು ಎರಡೇ ಆಣೆ ಉಳಿದಿತ್ತು.

"ಏನಂಡಿ ಪೀರಸಾಬ್‌ಗಾರು, ಸಂಜೀಗೆ ಇನ್ನೊಂದು ತಂತಿ ಬರತೈತಿ. ಕಾಯ್ತೀರಾ?" ಎರ್ರಣ್ಣ ಮರ್ಯಾದೆಯಿಂದಲೇ ಕೇಳಿದ.

ಕಾಯ್ತೀನಿ ಎಂಬ ಮಾತು ಪೀರಸಾಬನ ನಾಲಿಗೆ ತುದಿಯವರೆಗೂ ಬಂದಿತ್ತು. "ಮಾರ್ರಿ," ಎಂದ. ಎರ್ರಣ್ಣನಿಗೆ ಕೇಳಿಸಲಿಲ್ಲ. "ಎಲ್ಲಾ ಮಾರ್ರಿ. ಈಗಲೇ ರೊಕ್ಕ ಕೊಡ್ರಿ."

ದಲಾಲಿ ಮುರಿದು ಕೈಗೆ ಬಂದದ್ದು ಎಂಬತ್ತೊಂದು ರೂಪಾಯಿ ಹನ್ನೊಂದಾಣೆ. ಅವನ ಸ್ವಂತದ ಅರವತ್ತರಲ್ಲಿ ಉಳಿದದ್ದು ಒಂದು ರೂಪಾಯಿ ಹನ್ನೊಂದಾಣೆ.

ಸಂಜೆ ಗಾಡಿ ಹಿಡಿದು ಕುರುಗೋಡಿಗೆ ಹೋದ. ಮರುದಿನ ಸಂತೆಯಲ್ಲಿ ಹುಲುಗಮ್ಮ ಎದುರಾದಾಗ ರೊಕ್ಕ ಕೊಟ್ಟು ಸುಮ್ಮನಿರಬಹುದಿತ್ತು. ಅವಳಿಗೆ ಏನೂ ಗೊತ್ತಿರಲಿಲ್ಲ. ಆದರೆ ಖಾತೂನ್ ಹೊರಡುವಾಗ ಒಂದೇ ಮಾತು ಹೇಳಿದ್ದಳು: "ಹೇಳದೇ ಬಂದ್ರ ಮನಿಗೆ ಬರಬ್ಯಾಡ್ರಿ." ಅವನು ಎಲ್ಲವನ್ನೂ ಹೇಳಿದ.

ಹುಲುಗಮ್ಮ ರೊಕ್ಕವನ್ನು ಈ ಸಲ ಎಣಿಸಿಕೊಂಡಳು. ಎರಡು ಸಲ ಎಣಿಸಿದಳು. "ಐದು ವಾರ ನನ್ನ ರೊಕ್ಕ ಮದ್ರಾಸ ತಿರಗಿ ಬಂತೇನು? ನಾ ಬಳ್ಳಾರಿ ದಾಟಿಲ್ಲ, ಅದಾರ ರೈಲು ಹತ್ತಿತಲ್ಲ."

"ತಪ್ಪಾತು, ತಂಗಿ."

"ಇನ್ನೂ ಇಳಿದಿದ್ರ?"

ಪೀರಸಾಬ್ ತಲೆ ತಗ್ಗಿಸಿದ.

"ಇಳಿದಿದ್ರ ಈ ವರ್ಷ ನನ್ನ ಗದ್ದಿ ಬೀಳು. ನಿನಗದು ಹೊಳೀಲಿಲ್ಲ," ಎಂದಳು ಹುಲುಗಮ್ಮ. ಆಮೇಲೆ ರೊಕ್ಕವನ್ನು ಸೆರಗಿಗೆ ಗಂಟು ಹಾಕಿಕೊಂಡಳು. "ಹಲ್ಲು ನೋಡೋದ್ರಾಗ ನಿನ್ನಂಥೋರಿಲ್ಲ. ಬಾ, ಜೋಡಿ ತೋರ್ಸು. ರೊಕ್ಕ ನನ್ನ ಸೆರಗಿನಾಗ ಇರತೈತಿ. ಇವತ್ತಿನ ದಲಾಲಿ ಒಂದ ಕಾಸೂ ಕೊಡಂಗಿಲ್ಲ."

"ಬ್ಯಾಡ," ಎಂದ ಪೀರಸಾಬ್. ಬಿಸಿಲು ಇಳಿಯುವವರೆಗೆ ಅವಳ ಹಿಂದೆ ಸಂತೆಯೆಲ್ಲ ತಿರುಗಿ ಜೋಡಿ ಕುದುರಿಸಿಕೊಟ್ಟ.

ಮುಂದಿನ ವಾರ ಆ ಷೇರು ಎಂಟು ರೂಪಾಯಿಗೆ ಏರಿತು. ಹೌದು, ಏರಿತು. ಗಾದೆಪ್ಪ ಮುಚ್ಚಿಡಲಿಲ್ಲ. ಪೀರಸಾಬ್ ಬೆರಳು ಮಡಿಸಿ ಲೆಕ್ಕ ಹಾಕಿದ. ತಡೆದಿದ್ದರೆ ಹದಿಮೂರು ರೂಪಾಯಿ ಹೆಚ್ಚು ಬರುತ್ತಿತ್ತು.

"ಎಂಟಾತಂತ," ಎಂದ ಹೆಂಡತಿಗೆ.

"ಹದಿನಾರಾಗ್ಲಿ," ಎಂದಳು ಖಾತೂನ್. "ಆ ದಿನ ಜಗಲಿ ಮ್ಯಾಲ ನಿಮ್ಮ ರೊಟ್ಟಿ ಒಣಗಿತು. ಇವತ್ತು ಬಿಸಿ ಐತಿ, ಉಣ್ರಿ."

ಅವನು ಉಂಡ. ಆ ತಿಂಗಳು ಮುಗಿಯುವುದರೊಳಗೆ ಗಾದೆಪ್ಪನ ಜೊತೆ ಹೋಗಿ ಅಂಚೆ ಕಚೇರಿಯ ಉಳಿತಾಯ ಪುಸ್ತಕ ಮಾಡಿಸಿದ. ಮೊದಲ ಕಂತು ಒಂದು ರೂಪಾಯಿ. ಯಾರಾದರೂ ಎತ್ತಿಗೆಂದು ರೊಕ್ಕ ಮುಂಗಡ ಕೊಡಲು ಬಂದರೆ, "ಜೋಡಿ ಸಿಕ್ಕ ದಿನ ತರ್ರಿ, ಈಗ ಬ್ಯಾಡ" ಎಂದು ವಾಪಸ್ಸು ಕಳಿಸುತ್ತಿದ್ದ.

ಓದುವ ಅಕ್ಕಂದಿರೇ, ಅಣ್ಣಂದಿರೇ, ಬೆಣ್ಣೆ ಹಚ್ಚಿ ಹೇಳುವ ಹೊತ್ತು ಇದಲ್ಲ. ಇಂದು ತಂತಿಯಿಲ್ಲ, ಜಗಲಿಯಿಲ್ಲ. ಅಂಗೈಯಗಲದ ಫೋನಿನಲ್ಲಿ ಬೆಳಿಗ್ಗೆ ಕೊಂಡು ಮಧ್ಯಾಹ್ನ ಮಾರುತ್ತಿದ್ದೀರಿ. ಸಂಘದ ಉಳಿತಾಯ, ಮಗಳ ಕಾಲೇಜಿನ ಶುಲ್ಕ, ಅತ್ತೆಯ ಆಪರೇಷನ್ನಿಗೆ ಕೂಡಿಟ್ಟದ್ದು, ಎಲ್ಲವನ್ನೂ "ಒಂದೇ ವಾರ" ಎಂದು ಅಲ್ಲಿ ಹಾಕುವವರು ನಮ್ಮ ನಡುವೆಯೇ ಇದ್ದಾರೆ. ಎಷ್ಟು ಸಲ ಕೊಂಡಿರಿ, ಎಷ್ಟು ಸಲ ಮಾರಿದಿರಿ, ಅದಕ್ಕೆ ಕಮಿಷನ್ನು, ತೆರಿಗೆ ಎಂದು ಎಷ್ಟು ಹೋಯಿತು? ಇವತ್ತೇ ಕೂತು ಕೂಡಿಸಿ. ಬರದಿದ್ದರೆ ಬಲ್ಲವರಿಂದ ಕೂಡಿಸಿರಿ. ನಾಚಿಕೆ ಬೇಡ, ಮುಚ್ಚಿಡುವುದೇ ನಾಚಿಕೆ. ಮನೆಯವರಿಗೆ ಹೇಳಲಾಗದ ವ್ಯಾಪಾರವನ್ನು ಮಾಡಲೇಬೇಡಿ. ಷೇರು ಬೇಕೆಂದರೆ ನಿಮ್ಮದೇ ಹಣ, ವರ್ಷಗಟ್ಟಲೆ ಬೇಕಾಗದ ಹಣ, ತಿಳಿದುಕೊಂಡು ಹಾಕಿ, ಬಿಟ್ಟುಬಿಡಿ. ಗುಂಡಿ ಒತ್ತುವ ಮೊದಲು ಒಂದನ್ನು ಮಾತ್ರ ಕೇಳಿಕೊಳ್ಳಿ: ಇದು ಮುಳುಗಿದರೆ ಯಾರ ಮುಂದೆ ಹೋಗಿ ನಿಲ್ಲಬೇಕು? ಒಬ್ಬರ ಹೆಸರು ನೆನಪಿಗೆ ಬಂದರೂ ಫೋನು ಕೆಳಗಿಡಿ.